ತಲೆ ಎಣಿಸಿ ಕೊಡುವ ದುಡ್ಡು

ನಮ್ಮ ಜಗಳೂರು ಕಡೆಯ ಸಣ್ಣ ಸರ್ಕಾರಿ ಶಾಲೆಗೆ ವರ್ಷದ ಖರ್ಚಿಗೆ ಎಷ್ಟು ಬರುತ್ತದೆ ಗೊತ್ತಾ? ಮಕ್ಕಳು 30ರವರೆಗೆ ಇದ್ದರೆ 10,000 ರೂಪಾಯಿ. 31 ಆದರೆ 25,000. ಇದು ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಶಾಲಾ ಅನುದಾನ. ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40.

ಮೇಷ್ಟ್ರ ಸಂಬಳ, ಬಿಸಿಯೂಟ, ಸಮವಸ್ತ್ರ ಎಲ್ಲ ಬೇರೆ ಲೆಕ್ಕ. ಚಾಕ್‌ಪೀಸು, ಹಾಜರಿ ಪುಸ್ತಕ, ಕೆಟ್ಟ ಬಲ್ಬು, ಮುರಿದ ನಲ್ಲಿ ಇದರಲ್ಲೇ. ಇದರಲ್ಲೂ ಕನಿಷ್ಠ ಶೇ 10 ಸ್ವಚ್ಛತೆಗೆ ಅಂತ ಎತ್ತಿಡಬೇಕು. ಅಂದರೆ ವರ್ಷಕ್ಕೆ 1,000. ತಿಂಗಳಿಗೆ 83 ರೂಪಾಯಿ ಚಿಲ್ಲರೆ. ಒಂದು ಪೊರಕೆ, ಒಂದು ಬಾಟ್ಲಿ ಫಿನಾಯಿಲ್ ತಂದರೆ ಮುಗೀತು.

ಮಕ್ಕಳು ಕಮ್ಮಿ ಆದರೆ ದುಡ್ಡೂ ಕಮ್ಮಿ, ನ್ಯಾಯ ತಾನೇ ಅನ್ನಬಹುದು. ಆದರೆ 32 ಮಕ್ಕಳಿದ್ದ ಶಾಲೆಯಿಂದ ಇಬ್ಬರು ಕಾನ್ವೆಂಟ್ ವ್ಯಾನ್ ಹತ್ತಿಬಿಟ್ಟರೆ ಮಾಳಿಗೆ ಸೋರುವುದು ನಿಲ್ಲುತ್ತದಾ? ಕೋಣೆ ಅಷ್ಟೇ, ಶೌಚಾಲಯ ಅಷ್ಟೇ, ಕಾಂಪೌಂಡೂ ಅಷ್ಟೇ. 15,000 ಮಾತ್ರ ಮಾಯ. ಶಾಲೆ ಇನ್ನಷ್ಟು ಸೊರಗುತ್ತದೆ. ಅದನ್ನು ನೋಡಿ ಇನ್ನೊಬ್ಬ ತಾಯಿ ಮಗಳನ್ನು ಬಿಡಿಸುತ್ತಾಳೆ. ಆಮೇಲೆ ಮೇಲಿನವರು ಬಂದು ‘ದಾಖಲಾತಿ ಯಾಕ್ರೀ ಬಿತ್ತು’ ಅಂತ ಹೆಡ್‌ಮಾಸ್ತರರನ್ನೇ ತರಾಟೆಗೆ ತಗೊಳ್ಳುತ್ತಾರೆ. ಚೆನ್ನಾಗಿದೆ.

ಇದು ಸಾಲದು ಅಂತ ಜಿಲ್ಲೆಯ ಗಡಿಯದ್ದೂ ಒಂದು ತಕರಾರಿದೆ. ಪಕ್ಕದ ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ನಮ್ಮ ದಾವಣಗೆರೆ ಜಿಲ್ಲೆಗೆ ಬಂತು. ಹಾಗಾಗಿ ಬಳ್ಳಾರಿ, ಕಲಬುರಗಿ ಕಡೆಯ ಹಿಂದುಳಿದ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿ ಬಂದಾಗ ಹೊರಗುಳಿಯಿತು. ಅಲ್ಲಿನ ಜನ ಪಟ್ಟು ಬಿಡದೆ ಹೋರಾಡಿ 2018ರಲ್ಲಿ ವಾಪಸ್ ಬಳ್ಳಾರಿಗೆ ಸೇರಿದರು. ಈಗ ಅದು ವಿಜಯನಗರ ಜಿಲ್ಲೆ. ಆ ಜಿಲ್ಲೆಗಳ ಅಭಿವೃದ್ಧಿಗೆ ಅಂತಲೇ ಇರುವ ಕಲ್ಯಾಣ ಕರ್ನಾಟಕ ಮಂಡಳಿಗೆ ಬಜೆಟ್‌ನಲ್ಲಿ ಇಡುವ 5,000 ಕೋಟಿಯಲ್ಲಿ ಅಲ್ಲಿನ ಶಾಲೆಗಳಿಗೂ ಪಾಲಿದೆ. ಸಿಗಲಿ, ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಬರ, ಅದೇ ಮೆಕ್ಕೆಜೋಳ, ಅದೇ ಗುಳೆ ನಮ್ಮಲ್ಲೂ ಇದೆ ಅಲ್ವಾ? ನಮ್ಮ ಮಕ್ಕಳಿಗೆ ಒಂದು ಕೋಣೆ ಬೇಕಾದರೂ ಜಿಲ್ಲೆ ಬದಲಿಸಬೇಕಾ?

ನನ್ನ ಕೇಳಿದರೆ, ಪ್ರತಿ ಶಾಲೆಯ ಕಟ್ಟಡಕ್ಕೆ ಇಷ್ಟು ಅಂತ ರಾಜ್ಯ ಮೊದಲು ಗೊತ್ತು ಮಾಡಲಿ. ಹತ್ತೇ ಮಕ್ಕಳಿದ್ದರೂ ಅದಕ್ಕೆ ಕತ್ತರಿ ಬೀಳಬಾರದು. ಅದರ ಮೇಲೆ ಮಗುವಿಗೆ ಇಷ್ಟು ಅಂತ ಸೇರಿಸಲಿ.

ಎಷ್ಟು ಅಂತೀರಾ? ಅದನ್ನೂ ಇಲಾಖೆಯೇ ಹೇಳಿದೆ. 2022ರಲ್ಲಿ ಹೆತ್ತವರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಸುತ್ತೋಲೆ ಹೊರಡಿಸಿ, ಜನ ಉಗಿದ ಮೇಲೆ ವಾಪಸ್ ತಗೊಂಡಿತು. ಕೂಲಿ ಮಾಡುವವರು ಕೊಡಬಲ್ಲರು ಅಂತ ಅನ್ನಿಸಿದ ಆ ನೂರು ರೂಪಾಯಿಯನ್ನು ಖಜಾನೆಯಿಂದಲೇ ಕೊಡಲಿ. 30 ಮಕ್ಕಳ ಶಾಲೆಗೂ ವರ್ಷಕ್ಕೆ 36,000 ಆಗುತ್ತದೆ.