ಸತ್ಯಾಂಶ: ಊರಿಗೊಂದೇ ಗ್ಯಾಸ್ ಕಂಪನಿ ಇದ್ದರೆ ಅಪರಾಧವೇ?

‘ನಿಮ್ಮ ಊರಿನಲ್ಲಿ ಪೈಪ್ ಗ್ಯಾಸ್ ಮಾರುವುದು ಒಂದೇ ಕಂಪನಿಯೇ? ಸ್ಪರ್ಧಾ ಕಾಯ್ದೆ ಪ್ರಕಾರ ಅದು ಅಪರಾಧ. ದೂರು ಕೊಡಿ, ಪರವಾನಗಿ ರದ್ದಾಗುತ್ತದೆ’ ಎಂಬ ಧಾಟಿಯ ಸಂದೇಶ ನಿಮಗೂ ಬಂದಿರಬಹುದು.

ಕಾನೂನು ಹಾಗೆ ಹೇಳುವುದಿಲ್ಲ. ಒಂದೇ ಬೀದಿಯನ್ನು ನಾಲ್ಕು ಕಂಪನಿಗಳು ಅಗೆದು ನಾಲ್ಕು ಕೊಳವೆ ಹೂಳುವುದು ದಂಡದ ಖರ್ಚು. (ಒಮ್ಮೆ ಅಗೆದದ್ದನ್ನು ಮುಚ್ಚಿಸುವುದೇ ನಮ್ಮಲ್ಲಿ ದೊಡ್ಡ ಕೆಲಸ!) ಹಾಗಾಗಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು 2006ರ ಕಾಯ್ದೆಯಡಿ ಒಂದೊಂದು ಪ್ರದೇಶವನ್ನು ಒಂದೊಂದು ಕಂಪನಿಗೆ ವಹಿಸುತ್ತದೆ. ಬೇರೆಯವರು ಬಂದು ಮಾರದಂತೆ ಕೊಡುವ ರಕ್ಷಣೆಗೆ ಕಾಲಮಿತಿ ಇದೆ. 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಪ್ರಾಬಲ್ಯವನ್ನು ಹಾಗೆಯೇ ಬಿಟ್ಟು, ಅದರ ದುರ್ಬಳಕೆಯನ್ನು ಮಾತ್ರ ನಿಷೇಧಿಸುತ್ತದೆ.

ಹಾಗೆಂದು ಅನುಮತಿ ಪಡೆದವರನ್ನು ಕೇಳುವವರೇ ಇಲ್ಲ ಎನ್ನುವುದೂ ತಪ್ಪು. ಹರಿಯಾಣದ ಫರೀದಾಬಾದ್‌ನಲ್ಲಿ ಕೈಗಾರಿಕೆಗಳ ಸಂಘವೊಂದು ಅದಾನಿ ಗ್ಯಾಸ್ ಮೇಲೆ ದೂರು ಕೊಟ್ಟಿತ್ತು. ಭಾರತೀಯ ಸ್ಪರ್ಧಾ ಆಯೋಗ ಮಾರಾಟ ಒಪ್ಪಂದದ ಒಂದೊಂದು ಷರತ್ತನ್ನೂ ಓದಿತು. ತುರ್ತು ಕಾರಣಕ್ಕೆ ಕಾರ್ಖಾನೆ ನಿಂತು ಗ್ಯಾಸ್ ಬಳಸದಿದ್ದರೂ ಕನಿಷ್ಠ ಪ್ರಮಾಣದ ಹಣ ಕಟ್ಟಲೇಬೇಕು ಎಂಬಂಥವು ಏಕಪಕ್ಷೀಯ ಎಂದು ಕಂಡು, 2014ರ ಜುಲೈನಲ್ಲಿ 25.67 ಕೋಟಿ ರೂಪಾಯಿ ದಂಡ ವಿಧಿಸಿ, ಒಪ್ಪಂದವನ್ನು ತಿದ್ದಲು ಹೇಳಿತು. 2020ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡದ ಮೊತ್ತವನ್ನು ಇಳಿಸಿತು.

ಆಯೋಗದ ಆ ಆದೇಶದಲ್ಲಿ ಪರವಾನಗಿ ರದ್ದತಿಯ ಮಾತಿರಲಿಲ್ಲ.