ಮೊದಲ ಏಟು

ಅಂಗೈಯಲ್ಲಿ ಕೂರುವಷ್ಟು ಕುಂಬಳಕಾಯಿ, ಅದಕ್ಕೆ ತಕ್ಕಡಿ ಇಲ್ಲವಂತೆ. "ತೂಕಕ್ಕಿಲ್ಲ ಸಾರ್, ಪೀಸಿಗಿಷ್ಟು" ಅಂದ ಅಂಗಡಿಯವ. ಮಂಡಕ್ಕಿಯನ್ನೂ ಸೇರಿನಲ್ಲಿ ಅಳೆದು ಕೊಡುವ ದಾವಣಗೆರೆಯಲ್ಲಿ ಇದೇನು ಹೊಸ ದೌಲತ್ತು? ಇಡೀದಾಗಿ ಬೇಯಿಸಿದರೆ ಚೆಂದ ಎಂದು ಮನೆಯವಳ ಹಟ, ತಂದೆ.

ಕುಂಬಳಕಾಯಿ ಮೇಲೆ ನನಗೆ ಬೇರೆ ಸಿಟ್ಟೂ ಇದೆ. ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಏಟು ಹಾಕಬಾರದೆಂಬ ಶಾಸ್ತ್ರ ನಮ್ಮ ಬೀದಿಯಲ್ಲಿ ಇನ್ನೂ ಜಾರಿಯಲ್ಲಿದೆ. ಎದುರುಮನೆ ಅಜ್ಜಿಯ ಮಕ್ಕಳೆಲ್ಲ ಬೆಂಗಳೂರಲ್ಲಿ. ಹಾಗಾಗಿ ಕಾಯಿ ತಂದ ದಿನ ಗೇಟಿನಿಂದಲೇ ಕೂಗು: "ಒಂದ್ ಏಟು ಹಾಕಿ ಹೋಗ್ರಿ!" ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದರೂ ಬಿಡುವುದಿಲ್ಲ. ನಾನು ಚಾಕು ಇಳಿಸಿ, ಅದು ಅರ್ಧಕ್ಕೇ ಸಿಕ್ಕಿಕೊಂಡು ಒದ್ದಾಡುವಾಗ "ಸಾಕು ಬಿಡ್ರಿ" ಎಂದು ಅಜ್ಜಿಯೇ ಕಸಿದುಕೊಂಡು, ಈಳಿಗೆ ಮಣೆ ಮೇಲೆ ಕೂತು ಸರಸರ ಹೋಳು ಮಾಡಿಬಿಡುತ್ತದೆ. ನಾನಿಲ್ಲದಿದ್ದರೆ ಗ್ಯಾಸ್ ಸಿಲಿಂಡರ್ ತಂದ ಹುಡುಗನೂ ಆಗುತ್ತಾನೆ. ರಜೆಗೆ ಬಂದಿದ್ದ ಮೊಮ್ಮಗ, ಇನ್ನೂ ಹಲ್ಲು ಬೀಳದ ಪೋರ, ನಿದ್ದೆಗಣ್ಣಲ್ಲಿ ಚಾಕು ಮುಟ್ಟಿದ್ದೂ ನಡೆದಿದೆ. ಗಂಡಸುತನಕ್ಕೆ ಇಷ್ಟು ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಸಿಹಿಗುಂಬಳ ಅಮೆರಿಕದ ಬೆಳೆ, 1492ರಲ್ಲಿ ಕೊಲಂಬಸ್ ಆ ಕಡೆ ಹೋದಮೇಲಷ್ಟೇ ಈ ಕಡೆ ಬಂದದ್ದು, ನಿಮ್ಮ ಶಾಸ್ತ್ರ ಅದಕ್ಕೆಲ್ಲಿ ಅನ್ವಯಿಸುತ್ತೆ ಅಂತ ವಾದಿಸಿದೆ. "ಬಂದಮೇಲೆ ನಮ್ದೇ ಅಲ್ಲೇನ್ರಿ?" ಅಂದಿತು ಅಜ್ಜಿ. ಸಂಜೆ ಕುಂಬಳ ತುರಿದು ಕರಿದ ಸಿಹಿ ಗಾರಿಗೆ ಬಂದದ್ದರಿಂದ ನಾನೂ ವಾದ ಮುಂದುವರಿಸಲಿಲ್ಲ.

ಈ ಪುಟಾಣಿಗೆ ಅದ್ಯಾವ ಏಟೂ ಬೇಕಿಲ್ಲ. ಮನೆಯವಳು ತೊಟ್ಟಿನ ಸುತ್ತ ಚಾಕು ತಿರುಗಿಸಿ ಮುಚ್ಚಳ ತೆಗೆದಳು, ಚಮಚೆಯಿಂದ ಬೀಜ ತಿರುಳು ಕೆರೆದಳು, ಒಳಗೆ ಉಪ್ಪು ಸವರಿ ಎಣ್ಣೆಗಾಯಿಗೆ ಅರೆದ ಶೇಂಗಾ ಗುರೆಳ್ಳಿನ ಮಸಾಲೆ ತುಂಬಿ ಇಡ್ಲಿ ಪಾತ್ರೆಯಲ್ಲಿಟ್ಟಳು. ಸಿಪ್ಪೆಗೆ ಕಡ್ಡಿ ಸಲೀಸಾಗಿ ಇಳಿಯಬೇಕು. ಆಮೇಲೂ ಉರಿ ಬಿಟ್ಟರೆ ಕುಸಿದು ಮುದ್ದೆ. ಮುಚ್ಚಳ ತೆಗೆಯದೆ ಬೇಯಿಸುವವರು ನಾಲ್ಕು ಕಡೆ ಚುಚ್ಚಲಿ, ಇಲ್ಲದಿದ್ದರೆ ಒಳಗಿನ ಹಬೆಗೆ ಸಿಡಿದೀತು. ಜೋಳದ ರೊಟ್ಟಿ ಜೊತೆ ಚೆನ್ನಾಗಿಯೇ ಇತ್ತು, ಒಪ್ಪಿಕೊಳ್ಳಲು ಮನಸ್ಸಿಲ್ಲ.

ಅಜ್ಜಿಯೂ ಬಂದು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಗಂಡಸು ಬ್ಯಾಡ ಬಿಡು" ಎಂದು ತೀರ್ಪು ಕೊಟ್ಟಿತು. ಮುಂದಿನ ಸಲ ತನಗೂ ಎರಡು ತರಬೇಕಂತೆ. ತರುವುದಿಲ್ಲ. ಇದರಲ್ಲಿ ತುರಿಯುವುದಕ್ಕೆ ತಿರುಳೆಲ್ಲಿದೆ? ಗಾರಿಗೆಗೆ ದಪ್ಪ ಕಾಯಿಯೇ ಆಗಬೇಕು.