ಬಡವಿಧವೆಯ ಎರಡು ಕಾಸು ಎಲ್ಲರಿಗೂ ಅಳತೆಗೋಲಲ್ಲ

ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ತಾಳ್ಮೆ ಇದ್ದವರು ಪೂರ್ತಿ ಓದಿರಿ.

ಬೆಳಗಾವಿಯದೇ ಒಂದು ಪ್ರಾರ್ಥನಾ ಕೂಟ. ಹೆಸರು ಬೇಡ. ಪ್ರಸಂಗ, ಅಂದರೆ ಪ್ರವಚನ, ಬಡವಿಧವೆಯ ಎರಡು ಕಾಸಿನ ಮೇಲೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡೇ ಕಾಸು ಹಾಕಿದ ಅವಳು ಎಲ್ಲರಿಗಿಂತ ಹೆಚ್ಚು ಕೊಟ್ಟಳು ಅಂತ ಯೇಸು ಸ್ವಾಮಿ ಹೇಳಿದ ಘಟನೆ ಅದು. ಆಮೆನ್ ಆಗುತ್ತಲೇ ಕಟ್ಟಡ ನಿಧಿಯ ವಾಗ್ದಾನದ ಚೀಟಿ ಹಂಚಿದರು. ಐದು ಸಾವಿರ ಕೊಡುವವರು ಎದ್ದು ನಿಲ್ಲಿರಿ ಅಂದರು. ಮುಂದಿನ ಸಾಲು ಅಲುಗಾಡಲಿಲ್ಲ. ಹಿಂದೆ ಬಾಗಿಲ ಹತ್ತಿರ ಕೂತಿದ್ದ, ನಾಲ್ಕು ಮನೆಯ ಪಾತ್ರೆ ತಿಕ್ಕಿ ಬದುಕುವ ಆಯಿ ಎದ್ದು ನಿಂತರು. ಜನ ಚಪ್ಪಾಳೆ ತಟ್ಟಿದರು. ಚೀಟಿಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. "ಎಲ್ಲಿಂದ ತರ್ತೀರಿ ಆಯಿ?" ಅಂತ ಪಕ್ಕದವರು ಕೇಳಿದರೆ, "ದೇವರು ಕೇಳ್ಯಾನ ಅಂದಮ್ಯಾಲ ಒಲ್ಲೆ ಅನ್ನಾಕ ಬರ್ತೈತೇನವಾ?" ಅಂದರು.

ದೇವರು ಕೇಳಿರಲಿಲ್ಲ. ಮೈಕು ಹಿಡಿದವರು ಕೇಳಿದ್ದರು.

ಕ್ರೈಸ್ತ ಬೋಧನೆ ಒಬ್ಬೊಬ್ಬರಿಂದ ಒಂದೊಂದು ಥರದ ತ್ಯಾಗ ಕೇಳುತ್ತದೆ, ಇದು ಪಕ್ಷಪಾತ ಅಲ್ಲವೇ ಅಂತ ಹಲವರು ಕೇಳುತ್ತಾರೆ. ಪಕ್ಷಪಾತ ಅಲ್ಲ, ಅದರ ಕರುಣೆ ಇರುವುದೇ ಅಲ್ಲಿ. ನನ್ನ ತಕರಾರು ಬೇರೆ. ಒಬ್ಬರಿಗೆ ಹೇಳಿದ ಮಾತನ್ನು ಎತ್ತಿಕೊಂಡು ಹೋಗಿ ಇನ್ನೊಬ್ಬರ ತಲೆಯ ಮೇಲೆ ಇಡುತ್ತೇವೆ. ಪ್ರತಿಸಲವೂ ಕೈಲಾಗದವರ ತಲೆಯೇ ಸಿಗುತ್ತದೆ.

ಸುವಾರ್ತೆ ತೆರೆದು ನೋಡಿರಿ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಧನಿಕನಾದ ಅಧಿಕಾರಿಗೆ ಇದ್ದುದೆಲ್ಲ ಮಾರಿ ಬಡವರಿಗೆ ಹಂಚು ಅಂದ ಯೇಸು ಸ್ವಾಮಿ, ಮುಂದಿನ ಅಧ್ಯಾಯದಲ್ಲೇ ಯೆರಿಕೋ ಊರಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಯಲ್ಲಿ ಇಳಿದುಕೊಳ್ಳುತ್ತಾರೆ. ಜಕ್ಕಾಯ ಕೊಟ್ಟದ್ದು ಅರ್ಧ ಆಸ್ತಿ, ಜೊತೆಗೆ ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ಉಳಿದ ಅರ್ಧ ಎಲ್ಲಪ್ಪಾ ಅಂತ ಸ್ವಾಮಿ ಕೇಳಲಿಲ್ಲ. ಈ ಮನೆಗೆ ಇವತ್ತು ರಕ್ಷಣೆ ಬಂತು ಅಂದರು. ಆ ನಾಲ್ಕರಷ್ಟು ಎಲ್ಲಿಂದ ಬಂತು ಗೊತ್ತೇ? ತಾನಾಗಿ ತಪ್ಪೊಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕು ಅಂತ ಬೈಬಲಿನ ಹಳೆಯ ಒಡಂಬಡಿಕೆಯ ಅರಣ್ಯಕಾಂಡ 5 ಹೇಳುತ್ತದೆ. ಕುರಿ ಕದ್ದು ಕೊಯ್ದವನೋ ಮಾರಿದವನೋ ಒಂದಕ್ಕೆ ನಾಲ್ಕು ಕುರಿ ಕೊಡಬೇಕು ಅನ್ನುವುದು ವಿಮೋಚನಕಾಂಡ 22. ಜಕ್ಕಾಯ ಸುಲಭದ ಕಲಮು ಬಿಟ್ಟು ಕಳ್ಳನ ಕಲಮು ತನಗೆ ಹಾಕಿಕೊಂಡ. ಅವನ ತ್ಯಾಗದ ಮೊತ್ತ ಅವನ ದಂಧೆಯ ಒಳಗಿಂದಲೇ ಎದ್ದುಬಂತು. ಅದನ್ನು ತೆಗೆದುಕೊಂಡು ಹೋಗಿ ಸುಂಕದ ಕಟ್ಟೆಯನ್ನೇ ಕಾಣದವರ ಮೇಲೆ ಹೊರಿಸಿದರೆ ಏನರ್ಥ?

ದೆವ್ವ ಬಿಟ್ಟು ಗುಣವಾದವನು ನಿಮ್ಮ ಜೊತೆ ಬರುತ್ತೇನೆ ಅಂತ ದೋಣಿಯ ಹತ್ತಿರ ಬೇಡಿಕೊಂಡ. ಬೇಡ, ನಿನ್ನ ಮನೆಗೆ ಹೋಗು ಅಂದರು ಸ್ವಾಮಿ (ಮಾರ್ಕ 5). ಸುಂಕ ವಸೂಲಿ ಮಾಡುತ್ತಿದ್ದ ಲೇವಿ ಅನ್ನುವವನು ಎಲ್ಲ ಬಿಟ್ಟು ಹೊರಟ. ಯೋಹಾನಳು, ಸುಸನ್ನಳು ತಮ್ಮ ಸ್ವಂತ ಹಣದಿಂದ ಶಿಷ್ಯರ ಗುಂಪನ್ನು ಸಾಕಿದರು (ಲೂಕ 8:3). ಅವರೂ ಎಲ್ಲ ಮಾರಿಬಿಟ್ಟಿದ್ದರೆ ಹನ್ನೆರಡು ಜನರ ಊಟ ಯಾರು ನೋಡಬೇಕಿತ್ತು? ಸ್ನಾನಿಕ ಯೋಹಾನನ ಹತ್ತಿರ ಮೂರು ಥರದ ಜನ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: ನಾವೇನು ಮಾಡಬೇಕು? ಜನರಿಗೆ, ಎರಡು ಅಂಗಿ ಇದ್ದರೆ ಒಂದು ಕೊಡಿರಿ ಅಂದ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿರಿ ಅಂದ. ಸಿಪಾಯಿಗಳಿಗೆ, ಹೆದರಿಸಿ ಕಸಿಯಬೇಡಿರಿ, ಸಂಬಳದಲ್ಲಿ ತೃಪ್ತರಾಗಿರಿ ಅಂದ. ಯಾರ ಕೈ ಎಲ್ಲಿ ಹೊಲಸಾಗುತ್ತದೋ ಅಲ್ಲೇ ನೀರು ಹಾಕಿದ.

ಈಗ ಆ ವಿಧವೆಯ ವಿಷಯಕ್ಕೆ ಬರುತ್ತೇನೆ. ಅವಳ ಎರಡು ಕಾಸು, ಅಂದರೆ ಎರಡು ಲೆಪ್ಟಾ, ಸೇರಿದರೆ ಒಂದು ಕ್ವಾದ್ರಾಂತ್ ನಾಣ್ಯ ಅಂತ ಮಾರ್ಕನೇ ಲೆಕ್ಕ ಬಿಡಿಸಿ ಹೇಳುತ್ತಾನೆ. ರೋಮನ್ ಲೆಕ್ಕದಲ್ಲಿ 64 ಕ್ವಾದ್ರಾಂತ್ ಸೇರಿದರೆ ಒಂದು ದಿನಾರಿ, ಆಗಿನ ಒಂದು ದಿನದ ಕೂಲಿ. ಇವತ್ತಿನ ಕೂಲಿ 500 ರೂಪಾಯಿ ಅಂತ ಹಿಡಿದರೆ ಅವಳು ಹಾಕಿದ್ದು ಎಂಟು ರೂಪಾಯಿಯೂ ಆಗಲಿಲ್ಲ. ಆ ಎಂಟು ರೂಪಾಯಿಯ ವಚನ ಓದಿ ನಾವು ಆಯಿಯ ಕೈಲಿ ಐದು ಸಾವಿರಕ್ಕೆ ಹೆಬ್ಬೆಟ್ಟು ಒತ್ತಿಸಿದೆವು.

ಇನ್ನೊಂದು ಮಾತು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಸಮಾರ್ಯದವನ ಸಾಮ್ಯಕಥೆ ಹೇಳಿದ ಮೇಲೆ, ಹೋಗು, ನೀನೂ ಹಾಗೇ ಮಾಡು ಅಂದರು ಸ್ವಾಮಿ. ವಿಧವೆಯನ್ನು ತೋರಿಸಿ ಹಾಗೆ ಮಾಡಿರಿ ಅಂತ ಯಾರಿಗೂ ಹೇಳಲಿಲ್ಲ. ಅದಕ್ಕೆ ತುಸು ಮುಂಚೆಯೇ, ಮಾರ್ಕ 12:40ರಲ್ಲಿ, ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳಿಗೆ ಛೀಮಾರಿ ಹಾಕಿದ್ದಾರೆ. ಅದಾದ ಕೂಡಲೇ ಈ ವಿಧವೆ ತನ್ನ ಜೀವನವನ್ನೇ ಪೆಟ್ಟಿಗೆಗೆ ಹಾಕುತ್ತಾಳೆ. ಮುಂದಿನ ಅಧ್ಯಾಯ ಶುರುವಾಗುವುದೇ ಈ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅನ್ನುವ ಮಾತಿನಿಂದ. ಹಿಂದಿನದು, ಮುಂದಿನದು ಎರಡನ್ನೂ ಕತ್ತರಿಸಿ ನಡುವಿನ ನಾಲ್ಕು ವಚನ ಮಾತ್ರ ಓದುವುದು ತಪ್ಪು. ನನ್ನ ಪ್ರಕಾರ ಅದು ಪಾಪ.

ಮೋಶೆಯ ಧರ್ಮಶಾಸ್ತ್ರ ಗಡಸು ಅನ್ನುತ್ತೇವಲ್ಲ, ಅದಕ್ಕೂ ಈ ವಿಷಯದಲ್ಲಿ ನಮಗಿಂತ ಹೆಚ್ಚು ಕರುಳಿತ್ತು. ಯಾಜಕಕಾಂಡ 5ರ ಪ್ರಕಾರ ದೋಷಪರಿಹಾರಕ್ಕೆ ಕುರಿ ಅಥವಾ ಆಡು. ಅದಾಗದಿದ್ದರೆ ಎರಡು ಬೆಳವ ಅಥವಾ ಪಾರಿವಾಳ. ಅದೂ ಆಗದಿದ್ದರೆ ಏಫದ ಹತ್ತನೇ ಒಂದು ಭಾಗ, ಅಂದರೆ ಸುಮಾರು ಎರಡು ಲೀಟರು ಹಿಡಿಯುವಷ್ಟು ಹಿಟ್ಟು, ಎಣ್ಣೆ ಧೂಪ ಏನೂ ಬೇಡ. ಮೂರಕ್ಕೂ ಸಿಗುವ ಕ್ಷಮೆ ಒಂದೇ. ಯೇಸುವಿನ ತಾಯಿ ಮರಿಯಳೇ ಹಕ್ಕಿಗಳ ಕಾಣಿಕೆ ತಂದ ಬಡವಿ (ಲೂಕ 2:24). ಹರಕೆಗೂ ಹಾಗೇ. ಯಾಜಕಕಾಂಡ 27ರಲ್ಲಿ 20ರಿಂದ 60 ವಯಸ್ಸಿನ ಗಂಡಸಿಗೆ 50 ಶೆಕೆಲ್ ಬೆಳ್ಳಿ, ಹೆಂಗಸಿಗೆ 30 ಅಂತ ದರ ಕಟ್ಟಿ, ಎಂಟನೇ ವಚನದಲ್ಲಿ, ಹರಕೆ ಹೊತ್ತವನು ಬಡವನಾಗಿದ್ದರೆ ಅವನ ಶಕ್ತಿ ನೋಡಿ ಯಾಜಕನೇ ದರ ಇಳಿಸಬೇಕು ಅನ್ನುತ್ತದೆ. ಇಳಿಸುವುದು ಯಾಜಕನ ಕೆಲಸ. ಕೇಳಿಕೊಳ್ಳುವುದು ಬಡವನ ಕೆಲಸ ಅಲ್ಲ.

ಇನ್ನು ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಭಾಗ ಸಭೆಗೆ ಕೊಡುವುದು. ಹತ್ತಕ್ಕೆ ಒಂದು, ಎಲ್ಲರಿಗೂ ಒಂದೇ, ಇದರಲ್ಲೇನು ತಪ್ಪು ಅನ್ನುವವರು ಪೆನ್ನು ಹಿಡಿಯಿರಿ. ತಿಂಗಳಿಗೆ ಒಂದು ಲಕ್ಷ ಸಂಬಳದವರು 10,000 ಕೊಟ್ಟರೆ 90,000 ಉಳಿಯುತ್ತದೆ. 12,000 ದುಡಿಯುವವರು 1,200 ಕೊಟ್ಟರೆ ಹೋಗುವುದು ಮನೆಯ ಕಾಳುಕಡಿ. ರೈತರದು ಇನ್ನೂ ಕಷ್ಟ. ಒಂದು ಎಕರೆ ಕಬ್ಬು, 40 ಟನ್, ಟನ್ನಿಗೆ 3,000 ಅಂತ ಲೆಕ್ಕಕ್ಕೆ ಹಿಡಿಯಿರಿ: ಬಿಲ್ಲು 1,20,000. ಬೀಜ, ಗೊಬ್ಬರ, ಕಳೆ, ಕಟಾವು, ಸಾಗಣೆ, ಸೊಸೈಟಿ ಸಾಲದ ಬಡ್ಡಿ ಎಲ್ಲ ಹೋಗಿ 50,000 ಉಳಿಯಿತು ಅನ್ನಿರಿ. ಬಿಲ್ಲಿನ ಮೇಲೆ ದಶಮಾಂಶ ಕೇಳಿದರೆ 12,000. ಕೈಗೆ ಉಳಿದದ್ದರಲ್ಲಿ ಅದು ಹತ್ತನೇ ಒಂದಲ್ಲ, ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ. ಮೂಲದಲ್ಲಿ ದಶಮಾಂಶ ಇದ್ದದ್ದು ಹೊಲದ ಬೆಳೆ, ಗಿಡದ ಹಣ್ಣು, ದನಕುರಿಗಳ ಮೇಲೆ. ಹೊಲವಿಲ್ಲದ ಕೂಲಿಯವರಿಗೆ ಅಳೆಯಲು ರಾಶಿಯೇ ಇರಲಿಲ್ಲ. ಪ್ರತಿ ಮೂರನೇ ವರ್ಷದ ದಶಮಾಂಶವಂತೂ ಊರಲ್ಲೇ ಇಟ್ಟು, ದೇವರ ಸೇವೆಗೆ ಮೀಸಲಾದ ಕುಲದವರಾದ ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಉಣಿಸಬೇಕಿತ್ತು (ಧರ್ಮೋಪದೇಶಕಾಂಡ 14). ಅಂದರೆ ನಮ್ಮ ಆಯಿ ದಶಮಾಂಶ ಕೊಡಬೇಕಾದವರಲ್ಲ, ಪಡೆಯಬೇಕಾದವರು! ದಶಮಾಂಶವನ್ನೆಲ್ಲ ಬೊಕ್ಕಸಕ್ಕೆ ತನ್ನಿರಿ ಅನ್ನುವ ಮಲಾಕಿಯ 3:10 ಎಲ್ಲರ ಬಾಯಲ್ಲೂ ಇದೆ. ಅದೇ ಅಧ್ಯಾಯದ ಐದನೇ ವಚನ, ಕೂಲಿಯವನ ಕೂಲಿ ಹಿಡಿಯುವವರಿಗೆ, ವಿಧವೆ ಅನಾಥರನ್ನು ಹಿಂಸಿಸುವವರಿಗೆ ಕೊಡುವ ಎಚ್ಚರಿಕೆ, ಯಾಕೆ ಯಾರ ಬಾಯಲ್ಲೂ ಇಲ್ಲ?

ನಮ್ಮ ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ. ಆಮೇಲೆ ಆ ಕೆಲಸ ಮೆಥೊಡಿಸ್ಟರ ಕೈಗೆ ಬಂತು. ಹಾಗಾಗಿ ಮೆಥೊಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ ಇಲ್ಲಿ ಹೊಸಬರಲ್ಲ. ಅವರ ಲೆಕ್ಕ ನೋಡಿರಿ. ಮೊದಲ ವರ್ಷ 30 ಪೌಂಡ್ ಆದಾಯ, 28ರಲ್ಲಿ ಬದುಕಿ 2 ಕೊಟ್ಟರು. ಮರುವರ್ಷ 60 ಬಂತು, ಖರ್ಚು ಅದೇ 28, ಕೊಟ್ಟದ್ದು 32. ಮೂರನೇ ವರ್ಷ 90ಕ್ಕೆ 62, ನಾಲ್ಕನೇ ವರ್ಷ 120ಕ್ಕೆ 92. ಮೊದಲ ವರ್ಷ ಅವರು ಕೊಟ್ಟದ್ದು ನೂರಕ್ಕೆ ಏಳೂ ಆಗಲಿಲ್ಲ, ದಶಮಾಂಶಕ್ಕಿಂತ ಕಡಿಮೆ. ನಾಲ್ಕನೇ ವರ್ಷ ನೂರಕ್ಕೆ ಎಪ್ಪತ್ತಾರು ದಾಟಿತು. ಒಬ್ಬರೇ ಮನುಷ್ಯ, ಅದೇ ಭಕ್ತಿ, ವರ್ಷ ಬದಲಾದ ಹಾಗೆ ತ್ಯಾಗವೂ ಬದಲಾಯಿತು. ಹಾಗಿದ್ದಾಗ ಇಬ್ಬರು ಬೇರೆ ಬೇರೆ ಮನುಷ್ಯರಿಗೆ ಒಂದೇ ಅಳತೆ ಹೇಗೆ ಕೂಡೀತು?

ಹಾಗಾದರೆ ಎಲ್ಲರೂ ನನ್ನ ಶಕ್ತಿ ಇಷ್ಟೇ ಅಂತ ಜಾರಿಕೊಳ್ಳುತ್ತಾರೆ ಅನ್ನುವ ವಾದ ಬರುತ್ತದೆ. ಬರಲಿ. ಮಕೆದೋನ್ಯದ ಬಡಸಭೆಗಳು ಶಕ್ತಿ ಮೀರಿ ಕೊಟ್ಟವು ಅಂತಲೂ ತೋರಿಸುತ್ತಾರೆ. ಆದರೆ ಅಪೊಸ್ತಲ ಪೌಲ ಬರೆದ ಪತ್ರ 2 ಕೊರಿಂಥದ 8ನೇ ಅಧ್ಯಾಯ ಪೂರ್ತಿ ಓದಿರಿ. ಅವರು ತಾವಾಗಿಯೇ ಬೇಡಿಕೊಂಡು ಕೊಟ್ಟರು, ಪೌಲ ಅವರಿಗೆ ಮೊತ್ತ ಗೊತ್ತುಮಾಡಿರಲಿಲ್ಲ. ಅದೇ ಅಧ್ಯಾಯದಲ್ಲಿ, ಇಲ್ಲದ್ದರ ಪ್ರಕಾರ ಅಲ್ಲ, ಇದ್ದದ್ದರ ಪ್ರಕಾರ ಕೊಡಿರಿ, ಬೇರೆಯವರಿಗೆ ಸುಖವಾಗಿ ನಿಮಗೆ ಕಷ್ಟವಾಗಲಿ ಅಂತ ನಾನು ಹೇಳುತ್ತಿಲ್ಲ ಅಂದದ್ದೂ ಪೌಲನೇ. ಇನ್ನು ಜಾರಿಕೊಳ್ಳುವವರ ಮಾತು: ಹೆಚ್ಚು ಪಡೆದವನಿಂದ ಹೆಚ್ಚು ಕೇಳಲಾಗುವುದು ಅನ್ನುವ ಲೂಕ 12:48 ಇರುವುದು ಅವರಿಗಾಗಿಯೇ. ಅದನ್ನು ಮುಂದಿನ ಸಾಲಿನವರ ಮುಖ ನೋಡಿ ಹೇಳುವ ಧೈರ್ಯ ನಮಗಿಲ್ಲ. ನನಗೂ ಇರಲಿಲ್ಲ. ಭಾನುವಾರ ನಾನೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಎಲ್ಲ ಬಿಟ್ಟು ಬರುವ ಕರೆ ಇಲ್ಲವೇ? ಇದೆ. ಅದನ್ನು ಪೂರ್ತಿ ಒಪ್ಪುವ ಕಥೋಲಿಕ ಸಭೆ ಅದಕ್ಕೆ ಎಷ್ಟು ಬೇಲಿ ಹಾಕಿದೆ ನೋಡಿರಿ. ಸಿಸ್ಟರ್ ಆಗಲು ಬಂದವರಿಗೆ ನವಶಿಷ್ಯತ್ವ, ಅಂದರೆ ವ್ರತಕ್ಕೆ ಮುಂಚಿನ ತರಬೇತಿ, ಕನಿಷ್ಠ 12 ತಿಂಗಳು. ಆಮೇಲೆ ತಾತ್ಕಾಲಿಕ ವ್ರತ, ಮೂರು ವರ್ಷಕ್ಕೆ ಕಡಿಮೆಯಿಲ್ಲದೆ. 21 ತುಂಬದೆ ಅಂತಿಮ ವ್ರತ ಇಲ್ಲ. ಮೊದಲ ವ್ರತಕ್ಕೆ ಮುಂಚೆ ತಮ್ಮ ಆಸ್ತಿಯ ಆಡಳಿತ ಬೇರೆಯವರಿಗೆ ವಹಿಸಬೇಕು, ಅಂತಿಮ ವ್ರತಕ್ಕೆ ಮುಂಚೆ ಉಯಿಲು ಬರೆಯಬೇಕು. ಗಂಡನೋ ಹೆಂಡತಿಯೋ ಇದ್ದು ವಿವಾಹಬಂಧ ಉಳಿದಿದ್ದರೆ ಪ್ರವೇಶವೇ ಇಲ್ಲ. ತೀರಿಸಲಾಗದ ಸಾಲ ಇದ್ದವರನ್ನು ಸೇರಿಸಿಕೊಳ್ಳಬಾರದು ಅಂತ 1983ರ ಧರ್ಮಸಭೆಯ ಕಾನೂನಿನ 644ನೇ ವಿಧಿ ಹೇಳುತ್ತದೆ. ಉಪವಾಸದ ನಿಯಮವೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಸರ್ವಸ್ವ ತ್ಯಾಗಕ್ಕೇ ಇಷ್ಟು ವರ್ಷದ ವಿಚಾರಣೆ ಇರುವಾಗ, ಹಾಡು ಮುಗಿಯುವುದರೊಳಗೆ ಹೆಬ್ಬೆಟ್ಟು ಒತ್ತಿಸುವ ಅವಸರ ನಮಗೆ ಯಾಕೆ?

ಹೊಡೆಯುವ ಗಂಡನ ಮನೆಗೆ ಮಗಳನ್ನು ವಾಪಸ್ ಕಳಿಸುವಾಗಲೂ ಇದೇ ತಪ್ಪು. "ಇದು ನಿನ್ನ ಶಿಲುಬಿ, ಹೊರಬೇಕವಾ" ಅನ್ನುತ್ತಾರೆ. ಶಿಲುಬೆಯ ವಚನ ತನ್ನನ್ನು ತಾನು ನಿರಾಕರಿಸಿಕೊಳ್ಳುವವನಿಗೆ ಹೇಳಿದ್ದು. ಅದನ್ನು ಹೊತ್ತುಕೊಳ್ಳಬೇಕು, ಇನ್ನೊಬ್ಬರ ಮೇಲೆ ಹೊರಿಸಲು ಬರುವುದಿಲ್ಲ. ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದು ಊರಿಗೆ ಓಡಿಹೋಗಿರಿ ಅಂದವರೂ ಅದೇ ಸ್ವಾಮಿ. ಪೌಲನನ್ನು ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿಸಿ ಪಾರು ಮಾಡಿದರು. ಆ ಮಗಳಿಗೂ ಒಂದು ಬುಟ್ಟಿ ಬೇಕು.

ವಾಗ್ದಾನದ ಚೀಟಿ ಆಮೇಲೆ ಏನಾಗುತ್ತದೆ ಅನ್ನುವುದು ವೇದಿಕೆಗೆ ಕಾಣುವುದಿಲ್ಲ. ಮೊತ್ತ ಮೊದಲೇ ಅಚ್ಚಾಗಿರುತ್ತದೆ. ಸಾಲ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ. ಹೆಸರು ಓದಿ ಹೇಳಿರುವುದರಿಂದ ಹಿಂದೆಗೆಯಲು ನಾಚಿಕೆ. ಕಡೆಗೆ ಸಂಘದಲ್ಲಿ ಸಾಲ ತೆಗೆಯುತ್ತಾರೆ. ವಾರದ ಕಂತು ಒಂದು ತಪ್ಪಿದರೆ ಗುಂಪಿನ ಉಳಿದ ಹೆಂಗಸರು ತುಂಬಬೇಕು, ಅವರೇ ಬಂದು ಬಾಗಿಲಲ್ಲಿ ಕೂರುತ್ತಾರೆ. ದೇವರಿಗೆ ಕೊಟ್ಟದ್ದು ಅಂದುಕೊಂಡ ಹಣವನ್ನು ಕೊನೆಗೆ ತೆತ್ತವರು ಓಣಿಯ ಬಡ ಹೆಂಗಸರು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ದೇವರಿಗೆ ಮೀಸಲು, ಅಂದುಬಿಡುವ ಪದ್ಧತಿಯನ್ನು ಸ್ವಾಮಿ ಮಾರ್ಕ 7ರಲ್ಲಿ ಖಂಡಿಸಿದ್ದು ಇದಕ್ಕೇ.

ಆ ಕೂಟದ ಹಿರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಕೈಮುಗಿದು ಕೇಳುತ್ತೇನೆ. ಆಯಿಯ ಚೀಟಿ ಇನ್ನೂ ಖಜಾಂಚಿಯವರ ಹತ್ತಿರ ಇರುತ್ತದೆ. ಯಾಜಕಕಾಂಡ 27:8ರ ಅಧಿಕಾರದಿಂದ ಅದನ್ನು ತೆಗೆದು, ಇಬ್ಬರು ಅವರ ಮನೆಗೆ ಹೋಗಿ ಕೈಗೆ ಕೊಟ್ಟು ಬನ್ನಿರಿ. ಸಭೆಯಲ್ಲಿ ಹೆಸರು ಹೇಳಬೇಡಿರಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿರಿ. ಮುಂದಿನ ಸಲ ಎರಡು ಕಾಸಿನ ಪ್ರಸಂಗ ಇದ್ದರೆ, ಮಾರ್ಕ 12ನ್ನು 41ನೇ ವಚನದಿಂದ ಅಲ್ಲ, 38ರಿಂದ ಓದಲು ಶುರು ಮಾಡಿರಿ.